ಸುಪ್ರೀಂ ಕೋರ್ಟ್ ಯಾವ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳುತ್ತದೆ?

(ಕಲಬುರಗಿಯಲ್ಲಿ ಕಿರಿಯ ವಕೀಲರು, ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಎದುರು ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಕೋರ್ಟ್ ಆವರಣದಲ್ಲಿ ಪ್ರಕರಣ ಸೋತು ಹೊರಬಂದ ಕಕ್ಷಿದಾರರು "ಸುಪ್ರೀಂ ಕೋರ್ಟ್ ತನಾ ಹೋಗ್ತೀನ್ರಿ, ಬಿಡಂಗಿಲ್ಲ" ಎನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ತಾಲ್ಲೂಕು ಕೋರ್ಟಿನಿಂದ ಜಿಲ್ಲಾ ಕೋರ್ಟಿಗೆ, ಅಲ್ಲಿಂದ ಹೈಕೋರ್ಟಿಗೆ, ಹೈಕೋರ್ಟಿನಿಂದ ದಿಲ್ಲಿಗೆ ಹೋಗುವುದು ಸೋತವರ ಹಕ್ಕು ಎಂಬ ನಂಬಿಕೆ ಆ ಮಾತಿನಲ್ಲಿದೆ. ಮೊದಲ ಮೇಲ್ಮನವಿಯ ಮಟ್ಟಿಗೆ ಆ ನಂಬಿಕೆ ಸರಿ. ಸಿವಿಲ್ ಪ್ರಕರಣಗಳಲ್ಲಿ ಹೈಕೋರ್ಟಿಗೆ ಎರಡನೇ ಮೇಲ್ಮನವಿ ಹೋಗುವಾಗಲೇ ಅದು ಅರ್ಧ ಸರಿಯಾಗುತ್ತದೆ, ಏಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನ ಪ್ರಕಾರ ಅಲ್ಲಿ ಕಾನೂನಿನ ಗಣನೀಯ ಪ್ರಶ್ನೆಯೊಂದು ಇರಲೇಬೇಕು. ಸುಪ್ರೀಂ ಕೋರ್ಟಿನ ವಿಷಯಕ್ಕೆ ಬಂದರೆ ಬಹುತೇಕ ಪ್ರಕರಣಗಳಲ್ಲಿ ಹಕ್ಕು ಎಂಬುದೇ ಉಳಿಯುವುದಿಲ್ಲ. ಅಲ್ಲಿ ನಾವು ಮೇಲ್ಮನವಿ ಸಲ್ಲಿಸುವುದಕ್ಕೆ ಮೊದಲು, ಸಲ್ಲಿಸಲು ಅನುಮತಿ ಕೊಡಿ ಎಂದು ಕೇಳುತ್ತೇವೆ. ಆ ಅನುಮತಿ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಸಿಗದಿದ್ದರೆ ಅದರ ಅರ್ಥವೇನು ಎಂಬುದೇ ಇಂದಿನ ವಿಷಯ.

ಹಕ್ಕಿನಿಂದ ಹೋಗಬಹುದಾದ ಕೆಲವು ಪ್ರಕರಣಗಳಿವೆ. ಅವನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ಕೆಳಗಿನ ಕೋರ್ಟು ಬಿಡುಗಡೆ ಮಾಡಿದ ಆರೋಪಿಯನ್ನು ಹೈಕೋರ್ಟ್ ಮೇಲ್ಮನವಿಯಲ್ಲಿ ತಪ್ಪಿತಸ್ಥನೆಂದು ಹೇಳಿ ಮರಣದಂಡನೆ ವಿಧಿಸಿದರೆ, ಸಂವಿಧಾನದ 134ನೇ ವಿಧಿಯೇ ಅವನಿಗೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯುತ್ತದೆ. 1970ರ ಒಂದು ಕಾಯ್ದೆ ಈ ಹಕ್ಕನ್ನು, ಅದೇ ರೀತಿ ಬಿಡುಗಡೆ ರದ್ದಾಗಿ ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಗೆ ಒಳಗಾದವರಿಗೂ ವಿಸ್ತರಿಸಿತು. ಇನ್ನು 132 ಮತ್ತು 133ನೇ ವಿಧಿಗಳ ಅಡಿಯಲ್ಲಿ, ಪ್ರಕರಣದಲ್ಲಿ ಮಹತ್ವದ ಕಾನೂನು ಪ್ರಶ್ನೆಯಿದೆ ಎಂದು ಹೈಕೋರ್ಟೇ ಪ್ರಮಾಣಪತ್ರ ಕೊಟ್ಟರೆ ಹೋಗಬಹುದು. ಹಿಂದೆ ಸಿವಿಲ್ ವ್ಯಾಜ್ಯದ ಮೌಲ್ಯ 20,000 ರೂಪಾಯಿ ಮುಟ್ಟಿದ್ದರೂ ಸಾಕಿತ್ತು. 1972ರ ಮೂವತ್ತನೇ ತಿದ್ದುಪಡಿ ಆ ಹಣದ ಅಳತೆಯನ್ನು ತೆಗೆದುಹಾಕಿತು. ಸಂಸತ್ತು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಎರಡು ಎಕರೆ ಖುಷ್ಕಿ ಜಮೀನಿನ ವ್ಯಾಜ್ಯದಲ್ಲಿಯೂ ದೇಶಕ್ಕೇ ಸಂಬಂಧಿಸಿದ ಪ್ರಶ್ನೆ ಅಡಗಿರಬಹುದು. ಆದರೆ ಪ್ರಮಾಣಪತ್ರ ಸಿಗುವುದು ಅಪರೂಪ. ಉಳಿದವರೆಲ್ಲರಿಗೂ ಇರುವುದು 136ನೇ ವಿಧಿ, ಅಂದರೆ ವಿಶೇಷ ಅನುಮತಿ ಅರ್ಜಿ. ನಾವು ದಿನವೂ ಎಸ್‌ಎಲ್‌ಪಿ ಎನ್ನುತ್ತೇವಲ್ಲ, ಅದು.

136ನೇ ವಿಧಿಯನ್ನು ಒಮ್ಮೆ ನಿಧಾನವಾಗಿ ಓದಿ ಎಂದು ಇಲ್ಲಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಭಾರತದ ಭೂಪ್ರದೇಶದಲ್ಲಿರುವ ಯಾವುದೇ ನ್ಯಾಯಾಲಯ ಅಥವಾ ನ್ಯಾಯಮಂಡಳಿ, ಯಾವುದೇ ಪ್ರಕರಣದಲ್ಲಿ ಕೊಟ್ಟ ಯಾವುದೇ ತೀರ್ಪು, ಡಿಕ್ರಿ, ಶಿಕ್ಷೆ ಅಥವಾ ಆದೇಶದ ವಿರುದ್ಧ ಸುಪ್ರೀಂ ಕೋರ್ಟ್ ತನ್ನ ವಿವೇಚನೆಯಂತೆ ವಿಶೇಷ ಅನುಮತಿ ನೀಡಬಹುದು ಎಂದು ಅದು ಹೇಳುತ್ತದೆ. ಸಶಸ್ತ್ರ ಪಡೆಗಳ ಕಾನೂನಿನಡಿ ರಚನೆಯಾದ ನ್ಯಾಯಾಲಯಗಳಿಗೆ ಮಾತ್ರ ವಿನಾಯಿತಿ. ಇಷ್ಟು ವಿಶಾಲವಾದ ಅಧಿಕಾರವನ್ನು ಕೊಟ್ಟ ಸಂವಿಧಾನ, ಅದನ್ನು ಯಾವಾಗ ಬಳಸಬೇಕು ಎಂಬುದರ ಬಗ್ಗೆ ಒಂದು ಮಾತನ್ನೂ ಹೇಳಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಈ ವಿಧಿಯ ಮೊದಲ ವರ್ಷದ ಇತಿಹಾಸದಲ್ಲಿ ನಮ್ಮ ನೆಲವೂ ಸೇರಿದೆ. ಬ್ರಿಟಿಷ್ ಭಾರತದ ಕಕ್ಷಿದಾರರಿಗೆ ಕೊನೆಯ ನ್ಯಾಯಪೀಠ ಲಂಡನ್ನಿನ ಪ್ರಿವಿ ಕೌನ್ಸಿಲ್ ಆಗಿತ್ತು. ಕಲಬುರಗಿ, ಬೀದರ್, ಯಾದಗಿರಿಯ ನಮ್ಮ ಹಿರಿಯರಿಗೆ ಅದು ಅನ್ವಯಿಸುತ್ತಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಹೈಕೋರ್ಟಿನ ಮೇಲೆ ಹೈದರಾಬಾದಿನದೇ ಆದ ನ್ಯಾಯಿಕ ಸಮಿತಿಯೊಂದಿತ್ತು. ಸಂವಿಧಾನ ಜಾರಿಗೆ ಬಂದಾಗ 374ನೇ ವಿಧಿಯ ಮೂಲಕ ಇಂಥ ಸಮಿತಿಗಳ ಅಧಿಕಾರ ಕೊನೆಗೊಂಡು, ಅವುಗಳ ಮುಂದೆ ಬಾಕಿಯಿದ್ದ ಮೇಲ್ಮನವಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಬಾಕಿ ಇರದಿದ್ದವರ ಗತಿಯೇನು? ತೆಲಂಗಾಣ ಹೋರಾಟದ ಕಾಲದ ಕೊಲೆ ಪ್ರಕರಣಗಳಲ್ಲಿ ವಿಶೇಷ ನ್ಯಾಯಮಂಡಳಿ ಕೆಲವರಿಗೆ ಮರಣದಂಡನೆ ವಿಧಿಸಿತ್ತು; ಹೈದರಾಬಾದ್ ಹೈಕೋರ್ಟ್ 1949ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಅವರು ವಿಶೇಷ ಅನುಮತಿ ಕೇಳಿ ಸುಪ್ರೀಂ ಕೋರ್ಟಿಗೆ ಹೋದಾಗ, 1950ರ ಡಿಸೆಂಬರಿನಲ್ಲಿ ಜನಾರ್ದನ ರೆಡ್ಡಿ ಪ್ರಕರಣದಲ್ಲಿ ಬಂದ ಉತ್ತರ ಇದು: ತೀರ್ಪು ಬಂದ ದಿನ ಹೈದರಾಬಾದ್ ಕಾನೂನಿನ ದೃಷ್ಟಿಯಲ್ಲಿ ಭಾರತದ ಭೂಪ್ರದೇಶವಾಗಿರಲಿಲ್ಲ, ಆದ್ದರಿಂದ 136ನೇ ವಿಧಿ ಆ ತೀರ್ಪನ್ನು ಮುಟ್ಟುವುದಿಲ್ಲ. ಆರು ವಾರಗಳ ಅಂತರದಲ್ಲಿ, ಅಂದರೆ 1950ರ ಜನವರಿ 26ರ ಆಚೆ ಆ ತೀರ್ಪು ಬಂದಿದ್ದರೆ ಅವರು ಅನುಮತಿಯನ್ನಾದರೂ ಕೇಳಬಹುದಿತ್ತು. ಇಷ್ಟು ವಿಶಾಲವಾದ ಅಧಿಕಾರಕ್ಕೂ ಒಂದು ಗಡಿಯಿದೆ ಎಂಬುದು ಮೊದಲ ವರ್ಷದಲ್ಲೇ ಕಾಣಿಸಿಕೊಂಡಿತು, ಮತ್ತು ಅದು ಕಾಣಿಸಿಕೊಂಡದ್ದು ನಮ್ಮ ಅಂದಿನ ರಾಜ್ಯದ ಗಲ್ಲು ಶಿಕ್ಷೆಯ ಪ್ರಕರಣದಲ್ಲಿ ಎಂಬುದನ್ನು ಇಲ್ಲಿ ಓದುವ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ತಿಳಿದಿರಬೇಕು.

ಅದೇ ವರ್ಷದ ಮೇ ತಿಂಗಳಿನಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಪ್ರೀತಂ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಫಜಲ್ ಅಲಿಯವರು, ಅಸಾಧಾರಣ ಹಾಗೂ ವಿಶೇಷ ಸಂದರ್ಭಗಳಿದ್ದು, ಗಂಭೀರ ಅನ್ಯಾಯವಾಗಿದೆ ಎಂದು ತೋರಿದರೆ ಮಾತ್ರ ಈ ಅಧಿಕಾರ ಬಳಸಬೇಕು ಎಂದು ಬರೆದರು. ನಾಲ್ಕೈದು ವರ್ಷಗಳ ನಂತರ ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಕೋರ್ಟು, ಈ ಅಧಿಕಾರದ ಮಿತಿಗಳನ್ನು ನಿಖರವಾಗಿ ಹೇಳಲು ಬರುವುದಿಲ್ಲ ಎಂದಿತು. ಈ ಎರಡು ಮಾತುಗಳ ನಡುವಿನ ಎಳೆದಾಟ ಇಂದಿಗೂ ನಿಂತಿಲ್ಲ. 2010ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಸುಪ್ರೀಂ ಕೋರ್ಟ್ ಸಾಮಾನ್ಯ ಮೇಲ್ಮನವಿ ನ್ಯಾಯಾಲಯದಂತೆ ಆಗಿಬಿಟ್ಟಿದೆ, ಯಾವ ಬಗೆಯ ಪ್ರಕರಣಗಳನ್ನು ತೆಗೆದುಕೊಳ್ಳಬೇಕು ಎಂಬ ಮಾರ್ಗಸೂಚಿ ಬೇಕು ಎಂದು ಮಥಾಯಿ ಪ್ರಕರಣವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. 2016ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳ ಸಾಂವಿಧಾನಿಕ ಪೀಠ ಮಾರ್ಗಸೂಚಿ ಮಾಡಲು ಒಪ್ಪಲಿಲ್ಲ. ಅಧಿಕಾರವನ್ನು ಎಚ್ಚರದಿಂದ ಬಳಸಬೇಕು ನಿಜ, ಆದರೆ ಅದಕ್ಕೆ ಬೇಲಿ ಹಾಕಬಾರದು ಎಂಬುದು ಆ ಪೀಠದ ನಿಲುವು.

ಹಾಗಾದರೆ ಬರೆದಿಟ್ಟ ನಿಯಮವಿಲ್ಲದ ಕಡೆ ವಕೀಲರು ಏನನ್ನು ನಂಬಿ ಅರ್ಜಿ ಹಾಕುತ್ತಾರೆ? ಎಪ್ಪತ್ತೈದು ವರ್ಷಗಳ ಆದೇಶಗಳನ್ನು ನೋಡಿದವರಿಗೆ ಕೆಲವು ಗುರುತುಗಳು ಕಾಣುತ್ತವೆ. ಎಲ್ಲಕ್ಕಿಂತ ಬಲವಾದ ಗುರುತು, ಒಂದೇ ಪ್ರಶ್ನೆಗೆ ಬೇರೆ ಬೇರೆ ಪೀಠಗಳು ಬೇರೆ ಬೇರೆ ಉತ್ತರ ಕೊಟ್ಟಿರುವುದು. ಇದಕ್ಕೆ ನಮ್ಮ ಮನೆಮನೆಗಳಿಗೂ ಸಂಬಂಧಿಸಿದ ಉದಾಹರಣೆಯೊಂದನ್ನು ವಿವರವಾಗಿ ಹೇಳುತ್ತೇನೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಇಡೀ ದೇಶಕ್ಕೆ ಜಾರಿಯಾಯಿತು. ಕರ್ನಾಟಕದಲ್ಲಿ 1994ರಲ್ಲೇ ಅದಕ್ಕೆ ಮೊದಲ ಹೆಜ್ಜೆ ಇಟ್ಟಿದ್ದೆವು, ಆದರೆ ಅದು ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ ಸೀಮಿತವಾಗಿತ್ತು. ಕೇಂದ್ರದ ತಿದ್ದುಪಡಿ ಬಂದ ಮೇಲೆ ಪ್ರಶ್ನೆ ಎದ್ದಿತು: ಆ ದಿನಾಂಕಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೆ ಮಗಳಿಗೆ ಪಾಲು ಉಂಟೋ ಇಲ್ಲವೋ? 2015ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ತಂದೆ 1988ರಲ್ಲಿ ತೀರಿಕೊಂಡಿದ್ದರು. ತಿದ್ದುಪಡಿ ಜಾರಿಯಾದ ದಿನ ತಂದೆಯೂ ಮಗಳೂ ಇಬ್ಬರೂ ಬದುಕಿರಬೇಕು ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. 2018ರಲ್ಲಿ ಮತ್ತೆ ಕರ್ನಾಟಕದ್ದೇ ಇನ್ನೊಂದು ಪ್ರಕರಣ, ತಂದೆ ತೀರಿದ್ದು 2001ರಲ್ಲಿ. ಬೇರೆ ಇಬ್ಬರು ನ್ಯಾಯಮೂರ್ತಿಗಳು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಕೆಳಗಿನ ಕೋರ್ಟುಗಳಲ್ಲಿ ಅಣ್ಣನ ವಕೀಲರು 2015ರ ತೀರ್ಪನ್ನು ಹಿಡಿದು ನಿಂತರೆ ತಂಗಿಯ ವಕೀಲರು 2018ರದನ್ನು ಹಿಡಿದು ನಿಂತರು. ಎರಡೂ ಸುಪ್ರೀಂ ಕೋರ್ಟಿನವೇ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು, ಈ ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿದರು. ಆ ಒಂದು ಪ್ರಕರಣ ಯಾವ ಕುಟುಂಬದ್ದು, ಆಸ್ತಿ ಎಷ್ಟು ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಸೇಡಂ, ಶಹಾಪುರ, ಭಾಲ್ಕಿಗಳಲ್ಲಿ ಬಾಕಿಯಿದ್ದ ಪಾಲಿನ ದಾವೆಗಳಿಗೂ ಅದರಿಂದ ಉತ್ತರ ಸಿಕ್ಕಿತು. ಕಕ್ಷಿದಾರರಿಬ್ಬರನ್ನು ಮೀರಿದ ಪ್ರಶ್ನೆ ಎಂದು ನಾವು ಹೇಳುವುದು ಇಂಥದ್ದನ್ನು.

ಇನ್ನೊಂದು ಗುರುತು, ಎದ್ದು ಕಾಣುವ ಅನ್ಯಾಯ. ವಾದ ಕೇಳದೆಯೇ ಆದೇಶವಾಗಿರುವುದು, ಇರುವ ಕಾಯ್ದೆಯನ್ನು ನೋಡದೆ ತೀರ್ಪು ಬರೆದಿರುವುದು, ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಜೈಲಿನಲ್ಲಿ ಇಟ್ಟಿರುವುದು, ಇಂಥವು. ಇನ್ನು ಕೋರ್ಟು ಮುಟ್ಟದಿರುವುದು ಯಾವುದನ್ನು ಎಂದು ಕೇಳಿದರೆ, ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿ ಎಂಬ ಅರ್ಜಿಯನ್ನು. ಚಿಂಚೋಳಿ ಕಡೆಯ ಒಬ್ಬ ರೈತರ ಜಮೀನು ಕೆರೆಗೆ ಮುಳುಗಡೆಯಾಗಿ, ಸಿವಿಲ್ ಕೋರ್ಟು ಎಕರೆಗೆ ಒಂದು ದರ ಕೊಟ್ಟು, ಹೈಕೋರ್ಟ್ ಅಕ್ಕಪಕ್ಕದ ಕ್ರಯಪತ್ರಗಳನ್ನು ನೋಡಿ ಅದನ್ನು ಇಳಿಸಿತು ಎಂದು ಭಾವಿಸೋಣ. ಅವರಿಗೆ ಆದ ನಷ್ಟ ದೊಡ್ಡದು, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೂ ಯಾವ ಕ್ರಯಪತ್ರಕ್ಕೆ ಎಷ್ಟು ಬೆಲೆ ಕೊಡಬೇಕಿತ್ತು ಎಂಬುದಷ್ಟೇ ಅವರ ತಕರಾರಾದರೆ ದಿಲ್ಲಿಯಲ್ಲಿ ಅದು ನಿಲ್ಲುವುದು ಕಷ್ಟ. ಎರಡೂ ಕೆಳಗಿನ ಕೋರ್ಟುಗಳು ಒಂದೇ ಅಭಿಪ್ರಾಯಕ್ಕೆ ಬಂದಿದ್ದರಂತೂ ಇನ್ನೂ ಕಷ್ಟ. ಹೈಕೋರ್ಟ್ ದರ ನಿಗದಿಯ ತತ್ವದಲ್ಲೇ ತಪ್ಪಿದೆ ಎಂದು ತೋರಿಸಬಲ್ಲವರಿಗೆ ಮಾತ್ರ ಅಲ್ಲಿ ದಾರಿಯಿದೆ.

ಈಗ ಅರ್ಜಿ ಹೋಗುವ ಬಗೆಯನ್ನು ಹೇಳುತ್ತೇನೆ. ಹೈಕೋರ್ಟ್ ತೀರ್ಪಿನ ದಿನದಿಂದ 90 ದಿನಗಳ ಅವಧಿ; ಹೈಕೋರ್ಟ್ ಪ್ರಮಾಣಪತ್ರ ನಿರಾಕರಿಸಿದ್ದರೆ ಆ ಆದೇಶದಿಂದ 60 ದಿನ. ತಡವಾದರೆ ಪ್ರತಿ ದಿನಕ್ಕೂ ಕಾರಣ ಕೊಟ್ಟು ವಿಳಂಬ ಮನ್ನಾ ಕೇಳಬೇಕು. ವಕೀಲರ ಪೈಕಿ ಅರ್ಜಿ ಹಾಕುವ ಅಧಿಕಾರ ಅಲ್ಲಿಯ ಪ್ರತ್ಯೇಕ ಪರೀಕ್ಷೆಯಲ್ಲಿ ಪಾಸಾದ ಅಡ್ವೊಕೇಟ್-ಆನ್-ರೆಕಾರ್ಡ್‌ಗೆ ಮಾತ್ರ. ನಮ್ಮಂಥವರು ಅವರ ಜೊತೆ ನಿಂತು ವಾದಿಸಬಹುದು, ಹೆಸರು ಅವರದೇ ಇರಬೇಕು. ಪೇಪರ್ ಬುಕ್ಕಿನ ಆರಂಭದಲ್ಲಿ ಸಾರಾಂಶವೂ ದಿನಾಂಕಗಳ ಪಟ್ಟಿಯೂ ಇರುತ್ತವೆ, ಆಮೇಲೆ ಪ್ರಶ್ನಿಸಿರುವ ತೀರ್ಪು, ಆಮೇಲೆ ಕಾನೂನಿನ ಪ್ರಶ್ನೆಗಳು, ಆಧಾರಗಳು, ದಾಖಲೆಗಳು. ಆ ದಿನಾಂಕಗಳ ಪಟ್ಟಿಯ ಬಗ್ಗೆ ಕಿರಿಯರಿಗೆ ಒತ್ತಿ ಹೇಳುತ್ತೇನೆ. ಎಡಗಡೆ ದಿನಾಂಕ, ಬಲಗಡೆ ಆ ದಿನ ನಡೆದದ್ದು, ಅಷ್ಟೇ ಅದು. ಆದರೆ ಹಿಂದಿನ ದಿನವೇ ಹತ್ತಾರು ಕಡತಗಳನ್ನು ಓದಬೇಕಾದ ನ್ಯಾಯಮೂರ್ತಿಗಳು ಮೊದಲು ತಿರುವುವುದು ಆ ಪುಟಗಳನ್ನು. ಅದರ ಮೂರನೇ ಪುಟ ಮುಗಿಯುವುದರೊಳಗೆ ಕಾನೂನಿನ ಪ್ರಶ್ನೆ ಕಾಣದಿದ್ದರೆ, ಮುನ್ನೂರನೇ ಪುಟದಲ್ಲಿರುವ ಅತ್ಯುತ್ತಮ ಆಧಾರ ಕಣ್ಣಿಗೆ ಬೀಳದೇ ಹೋಗಬಹುದು.

ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರಬೇಕು ಎಂಬುದು ನಮ್ಮ ಭಾಗಕ್ಕೆ ಹೆಚ್ಚಿನ ಹೊರೆ. ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿರುತ್ತದೆ. ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿರುತ್ತವೆ. ಖಾಸ್ರಾ ಪಹಣಿಯ ಒಂದು ಕಾಲಮಿನಲ್ಲಿ ಮಾಲೀಕನ ಹೆಸರು, ಇನ್ನೊಂದರಲ್ಲಿ ಸಾಗುವಳಿ ಮಾಡುವವನ ಹೆಸರು ಇರುವಾಗ, ಅನುವಾದ ಮಾಡುವವರು ಆ ಎರಡನ್ನು ಅದಲು ಬದಲು ಮಾಡಿದರೆ, ಇಡೀ ಗೇಣಿ ಪ್ರಕರಣವೇ ತಲೆಕೆಳಗಾಗುತ್ತದೆ. ಆದ್ದರಿಂದ ಅನುವಾದವನ್ನು ದಿಲ್ಲಿಯಲ್ಲಿ ಅವಸರದಲ್ಲಿ ಮಾಡಿಸದೆ, ಕಡತವನ್ನು ಬಲ್ಲ ಇಲ್ಲಿಯ ವಕೀಲರ ಕಣ್ಣಮುಂದೆ ಮಾಡಿಸಬೇಕು.

ಹೊಸ ಅರ್ಜಿಗಳ ಪ್ರಾಥಮಿಕ ವಿಚಾರಣೆಗೆ ಬಹುಕಾಲದಿಂದ ಸೋಮವಾರ ಮತ್ತು ಶುಕ್ರವಾರಗಳನ್ನು ಮೀಸಲಿಟ್ಟುಕೊಂಡು ಬರಲಾಗಿದೆ. ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠ. ಒಂದೊಂದು ಪ್ರಕರಣಕ್ಕೆ ಸಿಗುವುದು ಕೆಲವೇ ನಿಮಿಷ. ಆಮೇಲೆ ಬರುವ ಆದೇಶ ಬಹಳ ಸಲ ಒಂದೇ ಸಾಲಿನದು. 'ನೋಟಿಸ್ ಕೊಡಿ' ಎಂದರೆ ಗೆದ್ದೆವು ಎಂದು ಊರಿಗೆ ಫೋನ್ ಮಾಡುವ ಕಕ್ಷಿದಾರರಿದ್ದಾರೆ. ಎದುರು ಪಕ್ಷದವರನ್ನು ಕೇಳೋಣ ಎಂಬುದಷ್ಟೇ ಅದರ ಅರ್ಥ, ಅನುಮತಿ ಇನ್ನೂ ಸಿಕ್ಕಿಲ್ಲ. 'ಅನುಮತಿ ನೀಡಲಾಗಿದೆ' ಎಂದ ದಿನ ಅರ್ಜಿ ಮೇಲ್ಮನವಿಯಾಗಿ ಬದಲಾಗಿ ಹೊಸ ನಂಬರ್ ಪಡೆಯುತ್ತದೆ. 'ವಜಾ' ಎಂದರೆ ಮುಗಿಯಿತು.

ಮುಗಿದದ್ದು ಏನು ಎಂಬುದನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಗೆದ್ದ ಪಕ್ಷದವರು 'ನಮ್ಮ ತೀರ್ಪನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ' ಎಂದು ಹೇಳಿಕೊಳ್ಳುತ್ತಾರೆ, ಪತ್ರಿಕೆಗಳಲ್ಲಿಯೂ ಹಾಗೇ ಬರುತ್ತದೆ. 2000ದಲ್ಲಿ ಕುಞಹಮ್ಮದ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಇದನ್ನು ಬಿಡಿಸಿ ಹೇಳಿದ್ದಾರೆ. ಕಾರಣ ನೀಡದೆ ಅರ್ಜಿಯನ್ನು ವಜಾ ಮಾಡಿದಾಗ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪು ಸರಿಯೆಂದೂ ಹೇಳಿರುವುದಿಲ್ಲ, ತಪ್ಪೆಂದೂ ಹೇಳಿರುವುದಿಲ್ಲ. ಈ ಪ್ರಕರಣವನ್ನು ನಾವು ಕೈಗೆತ್ತಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿರುತ್ತದೆ. ಅದು ಇತರ ಕೋರ್ಟುಗಳು ಪಾಲಿಸಬೇಕಾದ ಕಾನೂನಾಗುವುದಿಲ್ಲ. ಕಾರಣ ಬರೆದು ವಜಾ ಮಾಡಿದರೆ ಆ ಕಾರಣದಲ್ಲಿರುವ ಕಾನೂನಿನ ಮಾತು ಎಲ್ಲರನ್ನೂ ಬಂಧಿಸುತ್ತದೆ. ಅನುಮತಿ ಕೊಟ್ಟು, ಮೇಲ್ಮನವಿ ಕೇಳಿ ತೀರ್ಮಾನಿಸಿದರೆ ಮಾತ್ರ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ವಿಲೀನವಾಗುತ್ತದೆ. ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ 2019ರ ಮಾರ್ಚ್‌ನಲ್ಲಿ ಇದನ್ನು ಮತ್ತೆ ದೃಢಪಡಿಸಲಾಯಿತು: ಎಸ್‌ಎಲ್‌ಪಿ ಆರಂಭದಲ್ಲೇ ವಜಾ ಆದ ಮಾತ್ರಕ್ಕೆ ಹೈಕೋರ್ಟಿನಲ್ಲಿ ಪುನರ್ ಪರಿಶೀಲನೆ ಕೇಳುವ ದಾರಿ ಮುಚ್ಚುವುದಿಲ್ಲ. ಹೈಕೋರ್ಟಿನ ದಾಖಲೆಯಲ್ಲೇ ಎದ್ದು ಕಾಣುವ ತಪ್ಪಿದ್ದರೆ ಇದು ಉಪಯೋಗಕ್ಕೆ ಬರುವ ಮಾತು.

ಬೇರೆ ದೇಶಗಳಲ್ಲಿ ಹೇಗೆ ಎಂದು ನೀವು ಕೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟಿಗೆ 1925ರ ಕಾಯ್ದೆಯಿಂದ ಪ್ರಕರಣಗಳನ್ನು ಆರಿಸಿಕೊಳ್ಳುವ ವಿಶಾಲ ಅಧಿಕಾರ ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಿದರೆ ಪ್ರಕರಣ ವಿಚಾರಣೆಗೆ ಬರುತ್ತದೆ. ಸಾವಿರಾರು ಅರ್ಜಿಗಳಲ್ಲಿ ವರ್ಷಕ್ಕೆ ನೂರಕ್ಕೂ ಕಡಿಮೆ ಪ್ರಕರಣಗಳಲ್ಲಿ ವಾದ ನಡೆಯುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂವರು ನ್ಯಾಯಮೂರ್ತಿಗಳು ಕಾಗದಪತ್ರ ಓದಿ, ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಇದೆಯೇ ಎಂದು ನೋಡುತ್ತಾರೆ. ಅಲ್ಲಿಯ ಮಾದರಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. 1950ರಲ್ಲಿ ಎಂಟು ನ್ಯಾಯಮೂರ್ತಿಗಳಿದ್ದ ನಮ್ಮ ಕೋರ್ಟಿನ ಸಂಖ್ಯೆಯನ್ನು 2019ರಲ್ಲಿ 34ಕ್ಕೆ ಏರಿಸಲಾಯಿತು, ಅವರು ಹತ್ತಾರು ಪೀಠಗಳಾಗಿ ಕೂರುತ್ತಾರೆ, ಹಾಗಿದ್ದೂ 2024ರ ಹೊತ್ತಿಗೆ ಬಾಕಿ ಪ್ರಕರಣಗಳು 80,000 ಮೀರಿದ್ದವು. ಅಮೆರಿಕದಲ್ಲಿ ಒಂದೇ ಕೋರ್ಟು ಆರಿಸುತ್ತದೆ. ಇಲ್ಲಿ ಒಂದೊಂದು ಪೀಠವೂ ತನ್ನ ತನ್ನ ಮಟ್ಟಿಗೆ ಆರಿಸುತ್ತದೆ. ಹೀಗಾಗಿ ಒಂದೇ ಬಗೆಯ ಎರಡು ಅರ್ಜಿಗಳಲ್ಲಿ ಒಂದು ಈ ಕೊಠಡಿಯಲ್ಲಿ ವಜಾ ಆಗಿ, ಇನ್ನೊಂದು ಆ ಕೊಠಡಿಯಲ್ಲಿ ನೋಟಿಸ್ ಪಡೆಯುವುದು ಸಾಧ್ಯವಾಗುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ. ಮಾರ್ಗಸೂಚಿ ಬೇಡವೆಂದ 2016ರ ನಿಲುವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಮುಂದೆ ಯಾವ ರೂಪದ ಅನ್ಯಾಯ ಬಂದೀತೆಂದು ಮೊದಲೇ ಪಟ್ಟಿ ಮಾಡಲಾಗದು. ಆದರೆ ವಜಾ ಮಾಡುವಾಗ ಒಂದು ಸಾಲಿನ ಕಾರಣ ಬರೆದರೆ, ಕಾನೂನಿನ ಪ್ರಶ್ನೆ ಇಲ್ಲವೆಂದೋ, ಸಾಕ್ಷ್ಯದ ವಿಷಯವೆಂದೋ, ತಡವಾಯಿತೆಂದೋ, ಸಾವಿರಾರು ರೂಪಾಯಿ ಸಾಲ ಮಾಡಿ ದಿಲ್ಲಿಗೆ ಹೋದವರಿಗೆ ತಾವು ಏಕೆ ಹೊರಗುಳಿದೆವೆಂದು ತಿಳಿಯುತ್ತದೆ, ಮತ್ತು ಪೀಠಗಳ ನಡುವಿನ ವ್ಯತ್ಯಾಸವೂ ಕಣ್ಣಿಗೆ ಕಾಣುತ್ತದೆ.

1986ರಲ್ಲಿ ಇನ್ನೊಂದು ನೋವು ಕೋರ್ಟಿನ ಮುಂದೆ ಬಂದಿತ್ತು. ಇಬ್ಬರು ಉದ್ಯಮಿಗಳ ಜಾಮೀನು ಅರ್ಜಿಯನ್ನು ರಾತ್ರಿ ಹೊತ್ತಿನಲ್ಲಿ ಕೇಳಲಾಗಿತ್ತು; ಸಣ್ಣವರ ಜಾಮೀನಿಗೂ ಅದೇ ತುರ್ತು ಸಿಗಬೇಕೆಂದು ಬಿಹಾರದ ಕಾನೂನು ನೆರವು ಸಂಸ್ಥೆಯೊಂದು ಅರ್ಜಿ ಹಾಕಿತು. ಮುಖ್ಯ ನ್ಯಾಯಮೂರ್ತಿ ಭಗವತಿಯವರಿದ್ದ ಪೀಠ, ಬಡವರ ಬಗ್ಗೆ ಕೋರ್ಟಿಗೆ ಸಮಾನ ಕಾಳಜಿ ಇದೆ ಎಂದು ಹೇಳುತ್ತಲೇ, ಸುಪ್ರೀಂ ಕೋರ್ಟ್ ಎಲ್ಲ ತಪ್ಪುಗಳನ್ನು ತಿದ್ದುವ ಸಾಮಾನ್ಯ ಮೇಲ್ಮನವಿ ನ್ಯಾಯಾಲಯವಲ್ಲ, ಬಹುತೇಕ ಪ್ರಕರಣಗಳಲ್ಲಿ ಹೈಕೋರ್ಟೇ ಕೊನೆಯಾಗಬೇಕು ಎಂದಿತು. ರಾಷ್ಟ್ರೀಯ ಮೇಲ್ಮನವಿ ನ್ಯಾಯಾಲಯವೊಂದು ಬೇಕಾದೀತು ಎಂಬ ಸಲಹೆಯನ್ನೂ ಮುಂದಿಟ್ಟಿತು. 2009ರಲ್ಲಿ ಕಾನೂನು ಆಯೋಗ ತನ್ನ 229ನೇ ವರದಿಯಲ್ಲಿ ದಿಲ್ಲಿಯ ಸಾಂವಿಧಾನಿಕ ಪೀಠದ ಜೊತೆಗೆ ನಾಲ್ಕು ಪ್ರಾದೇಶಿಕ ಪೀಠಗಳನ್ನು ಶಿಫಾರಸು ಮಾಡಿತು. ಸುಪ್ರೀಂ ಕೋರ್ಟ್ ದಿಲ್ಲಿಯ ಹೊರಗೂ ಕೂರಬಹುದೆಂದು 130ನೇ ವಿಧಿಯೇ ಹೇಳುತ್ತದೆ. ಶಿಫಾರಸುಗಳು ಹಾಗೆಯೇ ಉಳಿದಿವೆ.

ದೂರದ ಬೆಲೆ ಏನೆಂದು ಕಲಬುರಗಿಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2008ರ ಜುಲೈವರೆಗೆ ನಾವು ಹೈಕೋರ್ಟಿಗೇ ಸುಮಾರು 600 ಕಿಲೋಮೀಟರ್ ಹೋಗುತ್ತಿದ್ದೆವು. ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಜನ ತಮ್ಮ ಪ್ರಕರಣ ನಡೆಯುವುದನ್ನು ಕಣ್ಣಾರೆ ನೋಡುವಂತಾಯಿತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ನಮ್ಮ ಊರಿನ ಈ ಪೀಠವೇ ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಕೊನೆಯ ಕೋರ್ಟು. ಇಲ್ಲಿ ಎತ್ತದ ಕಾನೂನಿನ ಪ್ರಶ್ನೆಯನ್ನು ದಿಲ್ಲಿಯಲ್ಲಿ ಹೊಸದಾಗಿ ಎತ್ತಲು ಹೊರಟರೆ ಮೊದಲ ಪ್ರಶ್ನೆಯೇ 'ಹೈಕೋರ್ಟಿನಲ್ಲಿ ಏಕೆ ಹೇಳಲಿಲ್ಲ' ಎಂಬುದಾಗಿರುತ್ತದೆ. ಆದ್ದರಿಂದ ಕಿರಿಯ ವಕೀಲರು ಮೇಲ್ಮನವಿಯ ಆಧಾರಗಳಲ್ಲಿ ಆ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆಯಬೇಕು, ವಾದದಲ್ಲಿ ಹೇಳಬೇಕು, ತೀರ್ಪಿನಲ್ಲಿ ಅದಕ್ಕೆ ಉತ್ತರ ಬರದಿದ್ದರೆ ತಡಮಾಡದೆ ಪುನರ್ ಪರಿಶೀಲನೆ ಕೇಳಬೇಕು. ದೃಢೀಕೃತ ನಕಲಿಗೆ ತೀರ್ಪು ಬಂದ ದಿನವೇ ಅರ್ಜಿ ಕೊಡಬೇಕು. ಜೊತೆಗೆ, ಗೆದ್ದ ಕಕ್ಷಿದಾರರ ಪರವಾಗಿ ದಿಲ್ಲಿಯಲ್ಲಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಮುಂಚಿತ ಅರ್ಜಿ, ಹಾಕಿಸಿಡಬೇಕು, ಏಕೆಂದರೆ ಅದಿಲ್ಲದಿದ್ದರೆ ಎದುರು ಪಕ್ಷದವರು ನಮ್ಮನ್ನು ಕೇಳದೆಯೇ ತಡೆಯಾಜ್ಞೆ ತಂದುಬಿಡಬಹುದು.

ಕೊನೆಯದಾಗಿ, ಹಣವಿಲ್ಲದವರ ವಿಷಯ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಸುಪ್ರೀಂ ಕೋರ್ಟಿನ ಮಟ್ಟದಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನು ಸೇವಾ ಸಮಿತಿಯಿದೆ, ಅದು ಅಡ್ವೊಕೇಟ್-ಆನ್-ರೆಕಾರ್ಡನ್ನೂ ಕೊಡುತ್ತದೆ. ಕೈದಿಗಳು ಜೈಲು ಅಧೀಕ್ಷಕರ ಮೂಲಕವೇ ಅರ್ಜಿ ಕಳಿಸಬಹುದು. ಇಲ್ಲಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೈಕೋರ್ಟ್ ತೀರ್ಪಿನ ನಕಲು, ಕೆಳಗಿನ ಕೋರ್ಟಿನ ತೀರ್ಪು ಮತ್ತು ಮುಖ್ಯ ದಾಖಲೆಗಳೊಂದಿಗೆ ಹೋದರೆ ಕೇಳಿಕೆಯನ್ನು ದಿಲ್ಲಿಗೆ ಕಳಿಸುವ ವ್ಯವಸ್ಥೆ ಇದೆ. 15100 ಸಹಾಯವಾಣಿಗೂ ಕರೆ ಮಾಡಬಹುದು. ಅಲ್ಲಿಗೆ ಹೋಗುವಾಗ ಆ 90 ದಿನಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಮೊದಲು ಲೆಕ್ಕ ಹಾಕಿಕೊಂಡು ಹೋಗಿ.